ಖಾಲಿ ಕುರ್ಚಿಯ ಸಂಬಳ ಎಲ್ಲಿಗೆ ಹೋಯ್ತು?



ವರ್ಷಾವರ್ಷ ಪುರಸಭೆ, ನಗರಸಭೆಗಳಲ್ಲಿ ‘ಉಳಿತಾಯ ಬಜೆಟ್’ ಮಂಡನೆಯಾಗುತ್ತೆ. ಅಧ್ಯಕ್ಷರು ಬೀಗ್ತಾರೆ, ಸದಸ್ಯರು ಮೇಜು ಕುಟ್ತಾರೆ, ಮಾರನೇ ದಿನ ಪೇಪರಿನಲ್ಲಿ ಫೋಟೋ. ಈ ಉಳಿತಾಯ ಯಾರ ಹೊಟ್ಟೆಯಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ನಾವು ಕೇಳುತ್ತೇವೆ.

ಲೆಕ್ಕ ಸರಳ. ಮಂಜೂರಾದ ಹುದ್ದೆ ಇದೆ, ಆಳಿಲ್ಲ. ಆಳಿಲ್ಲದ ಮೇಲೆ ಸಂಬಳವಿಲ್ಲ. ಸಂಬಳದ ಬಾಬಿನಲ್ಲಿ ಮಿಕ್ಕ ದುಡ್ಡು ವರ್ಷದ ಕೊನೆಗೆ ಬೇರೆ ಬಾಬಿಗೆ ಹಾರುತ್ತೆ, ಇಲ್ಲವೇ ಮಾರ್ಚ್ 31ಕ್ಕೆ ಸತ್ತುಹೋಗುತ್ತೆ. ಇನ್ನೂ ಜಾಣರಿದ್ದಾರೆ. ಇಷ್ಟು ಹುದ್ದೆ ಖಾಲಿಯೇ ಇರುತ್ತವೆ ಎಂದು ಮೊದಲೇ ಎಣಿಸಿ, ಅಷ್ಟು ದುಡ್ಡು ಕಡಿಮೆ ಇಟ್ಟೇ ಬಜೆಟ್ ಕಟ್ಟುತ್ತಾರೆ. ಅಂದರೆ ಏಪ್ರಿಲ್ ಒಂದನೇ ತಾರೀಖೇ ತೀರ್ಮಾನ: ಈ ವರ್ಷವೂ ತುಂಬುವುದಿಲ್ಲ. ಆಮೇಲೆ ಕೇಳಿದರೆ ‘ದುಡ್ಡಿಲ್ಲ’ ಅನ್ನೋದಕ್ಕೆ ಕಾಗದ ತಯಾರು.

ಊರು ಗುಡಿಸುವವರು ಯಾರು? ಬಹುಪಾಲು ನಮ್ಮವರೇ. 1976ರಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ 500 ಜನಕ್ಕೆ ಒಬ್ಬ ಪೌರಕಾರ್ಮಿಕ ಬೇಕು ಎಂದಿತು. ಸರ್ಕಾರ ಮುಂದೆ ಅದನ್ನು 700 ಜನಕ್ಕೆ ಒಬ್ಬರು ಎಂದು ಹಿಗ್ಗಿಸಿತು. 50,000 ಜನರ ಊರಿನಲ್ಲಿ ಬೇಕಾದದ್ದು 100 ಹುದ್ದೆ, ಉಳಿದದ್ದು 71. ಇಪ್ಪತ್ತೊಂಬತ್ತು ಕುಟುಂಬಗಳ ಅನ್ನ ಒಂದು ಭಾಗಾಕಾರದಲ್ಲಿ ಮಾಯ! ಕಸ ಮಾತ್ರ ಕಡಿಮೆಯಾಗಲಿಲ್ಲ.

ಇನ್ನೊಂದು ಲೆಕ್ಕ ಹಾಕಿ. ಆ ಊರಲ್ಲಿ 40 ಹುದ್ದೆ ಖಾಲಿ ಎನ್ನಿ. ತಿಂಗಳಿಗೆ ತಲಾ 30,000 ಅಂದರೆ ವರ್ಷಕ್ಕೆ 1 ಕೋಟಿ 44 ಲಕ್ಷ. ಅದೇ 40 ಜನರನ್ನು ಗುತ್ತಿಗೆಯಲ್ಲಿ 15,000ಕ್ಕೆ ದುಡಿಸಿದರೆ 72 ಲಕ್ಷ. ಉಳಿದ 72 ಲಕ್ಷವೇ ಇವರ ‘ದಕ್ಷ ಆಡಳಿತ’. ಪೊರಕೆ ಅದೇ, ಬೀದಿ ಅದೇ, ಜಾತಿಯೂ ಅದೇ. ಹೋದದ್ದು ಕಾಯಂ ಕೆಲಸ, ರಜೆ, ಭದ್ರತೆ, ಮರ್ಯಾದೆ. 2024ರ ಮೇ ತಿಂಗಳಲ್ಲಿ ಹೊರಗುತ್ತಿಗೆಯಲ್ಲೂ ಮೀಸಲಾತಿ ಎಂದು ಸುತ್ತೋಲೆ ಬಂತು. ಬರಲಿ. ಆದರೆ ನಾಳೆ ಇರುತ್ತೋ ಇಲ್ಲವೋ ಗೊತ್ತಿಲ್ಲದ ಕೆಲಸದಲ್ಲಿ ಪಾಲು ಕೊಟ್ಟು ಬಾಯಿ ಮುಚ್ಚಿಸೋದು ಬೇಡ.

ಈಗ ಮುಖ್ಯ ಮಾತಿಗೆ ಬರೋಣ. 2000ನೇ ಇಸವಿಯ 81ನೇ ತಿದ್ದುಪಡಿ ಸಂವಿಧಾನಕ್ಕೆ 16(4ಬಿ) ಸೇರಿಸಿತು. ತುಂಬದೆ ಉಳಿದ ನಮ್ಮ ಮೀಸಲು ಹುದ್ದೆಗಳನ್ನು ಪ್ರತ್ಯೇಕ ವರ್ಗವಾಗಿ ಮುಂದಿನ ವರ್ಷಗಳಿಗೆ ಒಯ್ಯಬಹುದು, ಅವು 50ರ ಮಿತಿಗೆ ಸೇರುವುದಿಲ್ಲ. ರಾಜ್ಯದಲ್ಲಿ 2001ರಲ್ಲಿ ಬ್ಯಾಕ್‌ಲಾಗ್ ವಿಶೇಷ ನೇಮಕಾತಿ ನಿಯಮಗಳೂ ಬಂದವು. ಹುದ್ದೆ ಮುಂದಕ್ಕೆ ಹೋಗುತ್ತೆ, ಸರಿ. ಅದರ ಸಂಬಳ? ಅದು ಮುಂದಕ್ಕೆ ಹೋಗಲ್ಲ. ಹುದ್ದೆ ಬಾಕಿ, ದುಡ್ಡು ಖರ್ಚು! ಸಂವಿಧಾನ ಕೊಟ್ಟದ್ದನ್ನು ಗುಮಾಸ್ತನ ಪೆನ್ನು ಕಿತ್ತುಕೊಳ್ಳುತ್ತೆ. ಮೀಸಲಾತಿ ವಿರೋಧಿಗಳು ಇನ್ನು ಬೀದಿಗಿಳಿಯಬೇಕಿಲ್ಲ, ಕುರ್ಚಿ ಖಾಲಿ ಇಟ್ಟರೆ ಸಾಕು.

ಒಳಮೀಸಲಾತಿ ನ್ಯಾಯದ ಬೇಡಿಕೆ. ಅದು ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಎಂದು 2024ರ ಅಕ್ಟೋಬರಿನಲ್ಲಿ ಸಂಪುಟ ಹೇಳಿತು. ಅಷ್ಟು ದಿನ ಉಳಿದ ಸಂಬಳವನ್ನು ಆ ಹುದ್ದೆಗಳಿಗೇ ಕಾದಿಡುತ್ತೇವೆ ಅಂತ ಮಾತ್ರ ಹೇಳಲಿಲ್ಲ.

‘ದುಡ್ಡು ಸುಮ್ನೆ ಕೊಳೀಬೇಕಾ? ಚರಂಡಿ ಕಟ್ಟಿದರೆ ತಪ್ಪಾ?’ ಅಂತಾರೆ. ಕಟ್ಟಿ. ಆದರೆ ಆ ಚರಂಡಿ ಬಳಿಯುವವನ ಸಂಬಳದಲ್ಲೇ ಚರಂಡಿ ಕಟ್ಟಬೇಡಿ. ಶೇಕಡಾ 24.10ರ ನಿಧಿಯಲ್ಲಿ ಹೊಲಿಗೆ ಯಂತ್ರ ಹಂಚಿ ಹಾರ ಹಾಕಿಸಿಕೊಳ್ಳುವವರು, ಇನ್ನೊಂದು ಕೈಯಲ್ಲಿ ಏನು ಕಿತ್ತುಕೊಂಡೆವು ಎಂಬುದನ್ನೂ ಹೇಳಲಿ.

ದುಡ್ಡಿಲ್ಲ ಅನ್ನೋದು ಸುಳ್ಳು. 2022ರ ಜುಲೈನಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ಸೆಪ್ಟೆಂಬರಿನಲ್ಲಿ ಸಂಪುಟ 11,133 ಮಂದಿಯ ಕಾಯಮಾತಿಗೆ ಒಪ್ಪಿತು. ಅಲ್ಲಿಯವರೆಗೆ ಇಲ್ಲದ ದುಡ್ಡು ಕಸ ಬೀದಿಯಲ್ಲಿ ನಾತ ಹೊಡೆದ ಮೇಲೆ ಎಲ್ಲಿಂದ ಬಂತು?

ನಮ್ಮ ಬೇಡಿಕೆಗಳು:

1. ಪ್ರತಿ ಬಜೆಟ್ ಪುಸ್ತಕದಲ್ಲಿ ಖಾಲಿ ಹುದ್ದೆ, ಅದರ ರೋಸ್ಟರ್ ಬಿಂದು, ಉಳಿದ ಸಂಬಳ ಮೂರನ್ನೂ ಬೇರೆ ಪುಟದಲ್ಲಿ ಅಚ್ಚು ಹಾಕಬೇಕು.

2. ಬ್ಯಾಕ್‌ಲಾಗ್ ಹುದ್ದೆಯ ಸಂಬಳ ಬೇರೆ ಬಾಬಿಗೆ ಹೋಗಕೂಡದು. ಹುದ್ದೆಯ ಜೊತೆ ದುಡ್ಡೂ ಮುಂದಕ್ಕೆ ಸಾಗಬೇಕು.

3. ಈಗ ಗುತ್ತಿಗೆಯಲ್ಲಿ ದುಡಿಯುತ್ತಿರುವವರೇ ಮೊದಲು ಕಾಯಂ ಆಗಬೇಕು.

ಹಾಸ್ಟೆಲಿನ ತಮ್ಮಂದಿರೇ, ತಂಗಿಯರೇ, ಡಿಗ್ರಿ ಮುಗಿಸಿ ನೀವು ಅರ್ಜಿ ಹಾಕುವ ಹೊತ್ತಿಗೆ ಆ ಹುದ್ದೆಯ ಅನ್ನ ಯಾರೋ ಉಂಡಿರುತ್ತಾರೆ. 2005ರ ಮಾಹಿತಿ ಹಕ್ಕು ಕಾಯ್ದೆ ನಿಮ್ಮ ಕೈಲಿದೆ. ಹತ್ತು ರೂಪಾಯಿ ಕೊಟ್ಟು ನಿಮ್ಮೂರ ಪುರಸಭೆಗೆ ಮೂರೇ ಪ್ರಶ್ನೆ ಹಾಕಿ: ಎಷ್ಟು ಹುದ್ದೆ ಖಾಲಿ? ಅದರಲ್ಲಿ ನಮ್ಮವು ಎಷ್ಟು? ಅವುಗಳ ಸಂಬಳ ಎಲ್ಲಿಗೆ ಹೋಯ್ತು? ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಆ ಉತ್ತರ ಹಿಡಿದು ಮುಂದಿನ ಸಭೆಗೆ ಬನ್ನಿ. ಬಾಯಿಮಾತಿನ ಸಿಟ್ಟು ಅವರಿಗೆ ಅಭ್ಯಾಸವಾಗಿದೆ. ಲೆಕ್ಕ ಹಿಡಿದು ಬರುವ ಸಿಟ್ಟಿಗೆ ಅವರು ಹೆದರುತ್ತಾರೆ.

ಜೈ ಭೀಮ್!