ಗೋವಿನ ಓಲೆಯೂ ರಹದಾರಿಯೂ

ಹಸು ಎಮ್ಮೆಗಳನ್ನು ಸಾಕಿರುವ ಮನೆಗಳಲ್ಲಿ ಈಚಿನ ಕೆಲವು ವರ್ಷಗಳಿಂದ ಒಂದು ಹೊಸ ಆಭರಣವು ಕಾಣಬರುತ್ತಿರುವುದನ್ನು ವಾಚಕರು ನೋಡಿರಬಹುದು. ಪಶುವಿನ ಕಿವಿಯಲ್ಲಿ ಹಳದಿ ಬಣ್ಣದ ಒಂದು ಬಿಲ್ಲೆ. ಅದರ ಮೇಲೆ ಹನ್ನೆರಡು ಅಂಕಿಗಳು. ಜನರು ಇದನ್ನು ಕಿವಿಯೋಲೆ ಎಂದು ಕರೆಯುತ್ತಾರೆ. ಹೆಸರೇನೋ ಸೊಗಸಾಗಿದೆ, ಆದರೆ ವಸ್ತುವಿನ ವಿಷಯದಲ್ಲಿ ಜನರಿಗಿರುವ ಭಾವನೆಯು ಅಷ್ಟು ಸೊಗಸಾಗಿಲ್ಲ. ಮುಂದೆ ಬರಲಿರುವ ತೆರಿಗೆಗೆ ಇದು ಪೀಠಿಕೆಯೆಂದು ಕೆಲವರು ಶಂಕಿಸುವರು. ಪೂಜಿಸತಕ್ಕ ಗೋವಿನ ಕಿವಿಯನ್ನು ಚುಚ್ಚುವುದು ಹಿಂದೆಂದೂ ಕೇಳದ ಅನಾಚಾರವೆಂದು ಮನೆಯ ಹಿರಿಯರು ನೊಂದುಕೊಳ್ಳುವರು. ಮೊದಲನೆಯದು ವೃಥಾ ಶಂಕೆ. ಓಲೆಯನ್ನು ತೊಡಿಸುತ್ತಿರುವುದು ಮುಖ್ಯವಾಗಿ ಲಸಿಕೆಯ ಲೆಕ್ಕಕ್ಕಾಗಿ. ಎರಡನೆಯದಕ್ಕೆ ಉತ್ತರವನ್ನು ವ್ಯಾಕರಣಶಾಸ್ತ್ರದಿಂದಲೇ ಕೊಡಬಹುದು.

ವ್ಯಾಕರಣಕ್ಕೂ ದನದ ಕಿವಿಗೂ ಏನು ಸಂಬಂಧವೆಂದು ನಗಬಾರದು. ಪಾಣಿನಿಯ ಅಷ್ಟಾಧ್ಯಾಯಿಯ ಆರನೆಯ ಅಧ್ಯಾಯದಲ್ಲಿ ಒಂದು ವಿಧಿಯುಂಟು: ಸಮಾಸದಲ್ಲಿ 'ಕರ್ಣ' ಎಂಬುದು ಕೊನೆಯ ಪದವಾಗಿದ್ದು, ಅದರ ಹಿಂದಿನ ಪದವು ಗುರುತಿನ ಹೆಸರಾಗಿದ್ದರೆ, ಆ ಹಿಂದಿನ ಪದದ ಕೊನೆಯ ಸ್ವರವು ದೀರ್ಘವಾಗತಕ್ಕದ್ದು. ಕಿವಿಯಲ್ಲಿ ಕುಡುಗೋಲಿನ ಗುರುತುಳ್ಳ ಪಶುವು 'ದಾತ್ರಕರ್ಣ'ವಲ್ಲ, 'ದಾತ್ರಾಕರ್ಣ'. ಈ ವಿಧಿಗೆ ಒಂಬತ್ತು ಅಪವಾದಗಳನ್ನು ಆಚಾರ್ಯನು ಎಣಿಸಿರುವನು. ಸ್ವಸ್ತಿಕ, ಮಣಿ, ಹೋಮದ ಸ್ರುವ, ತೂತು, ಸೀಳು, ಕತ್ತರಿಸಿದ ಗುರುತು ಮೊದಲಾದುವು ಅವುಗಳಲ್ಲಿ ಸೇರಿವೆ. ಪಶುಗಳು ಇಂಥ ಒಡೆಯನವು ಎಂದು ತಿಳಿಯುವುದಕ್ಕೆ ಮಾಡುವ ಚಿಹ್ನೆಯೇ ಇಲ್ಲಿ 'ಲಕ್ಷಣ'ವೆಂದು ಕಾಶಿಕಾವೃತ್ತಿಯು ಬಿಡಿಸಿ ಹೇಳುತ್ತದೆ. ಪಾಣಿನಿಯು ಗೋವಳನಲ್ಲ; ಲೋಕದಲ್ಲಿ ಬಳಕೆಯಲ್ಲಿದ್ದ ಮಾತುಗಳಿಗೆ ನಿಯಮವನ್ನು ಹುಡುಕಿದವನು. ಅಪವಾದಗಳನ್ನೇ ಒಂಬತ್ತು ಎಣಿಸಬೇಕಾಗಿ ಬಂದಿತೆಂದರೆ ಆ ಕಾಲದ ಹಟ್ಟಿಗಳಲ್ಲಿ ಗುರುತು ಮಾಡದ ಕಿವಿಯೇ ಅಪರೂಪವಾಗಿದ್ದಿರಬೇಕು!

ಇನ್ನು ಕೌಟಿಲ್ಯನ ಅರ್ಥಶಾಸ್ತ್ರಕ್ಕೆ ಬಂದರೆ ಗುರುತಿನ ಜೊತೆಗೆ ದಫ್ತರವೂ ಸೇರುತ್ತದೆ. ಗೋಧ್ಯಕ್ಷನೆಂಬ ಅಧಿಕಾರಿಯು ಕರು ಹುಟ್ಟಿದ ಒಂದೆರಡು ತಿಂಗಳೊಳಗೆ ಅದಕ್ಕೆ ಮುದ್ರೆಯನ್ನು ಹಾಕಿಸಬೇಕು. ಎಲ್ಲಿಂದಲೋ ಬಂದು ಮಂದೆಯಲ್ಲಿ ಒಂದೆರಡು ತಿಂಗಳು ನಿಂತ ದನಕ್ಕೂ ಹಾಗೆಯೇ. ಮುದ್ರೆ, ಹುಟ್ಟುಗುರುತು, ಬಣ್ಣ, ಎರಡು ಕೊಂಬುಗಳ ನಡುವಣ ಅಂತರ, ಇವನ್ನು ಪುಸ್ತಕದಲ್ಲಿ ಬರೆಯಿಸಬೇಕು. ಕಳುವಾದುದು, ಬೇರೆಯ ಮಂದೆಗೆ ಸೇರಿಹೋದುದು, ಸತ್ತುದು, ಇವಕ್ಕೆಲ್ಲ ಬೇರೆ ಬೇರೆ ಲೆಕ್ಕ. ಹಸುವೋ ಎಮ್ಮೆಯೋ ತಾನಾಗಿ ಸತ್ತಿತೆಂದು ಗೋವಳನು ಹೇಳಿದರೆ ಸಾಲದು. ಮುದ್ರೆಯಿರುವ ಚರ್ಮವನ್ನು ತಂದು ಒಪ್ಪಿಸಬೇಕು. ಆಡು ಕುರಿಗಳಾದರೆ ಗುರುತಿನ ಕಿವಿಯನ್ನು ತರಬೇಕು. ಪರರ ಪಶುವಿಗೆ ರಾಜಮುದ್ರೆಯನ್ನೊತ್ತಿ ಅದಲು ಬದಲು ಮಾಡಿದವನಿಗೆ ದಂಡವುಂಟು. ಆದಕಾರಣ ಮುದ್ರೆಯಷ್ಟೇ ಮುದ್ರೆಯ ಮೋಸವೂ ಹಳೆಯದೆಂದು ತಿಳಿಯಬೇಕು. ಘೋಷಯಾತ್ರೆಗೆ ದುರ್ಯೋಧನನು ಧೃತರಾಷ್ಟ್ರನ ಮುಂದೆ ಒಡ್ಡಿಸಿದ ನೆಪವೂ ದನಗಳ ಎಣಿಕೆ ಮತ್ತು ಕರುಗಳಿಗೆ ಮುದ್ರೆ ಹಾಕುವ ಕಾರ್ಯವೇ ಆಗಿತ್ತಷ್ಟೆ. ಕಪಟಕ್ಕೆ ಆರಿಸಿದ ನೆಪವು ನಂಬತಕ್ಕದ್ದಾಗಿರಬೇಕು. ರಾಜರಿಗೆ ಅದು ನಿತ್ಯದ ಕೆಲಸವಾಗಿದ್ದುದರಿಂದಲೇ ಮುದುಕನು ಒಪ್ಪಿದನು.

ಆದರೆ ಈ ಹಳೆಯ ಗುರುತುಗಳೆಲ್ಲವೂ ಮುಖ್ಯವಾಗಿ ಉತ್ತರಿಸುತ್ತಿದ್ದುದು ಒಂದೇ ಪ್ರಶ್ನೆಯನ್ನು: ದನವು ಯಾರದು? ಅದು ಎಲ್ಲಿ ಹುಟ್ಟಿತು, ಏನು ತಿಂದು ಬೆಳೆಯಿತು, ಯಾವ ಯಾವ ಕೊಟ್ಟಿಗೆಗಳನ್ನು ದಾಟಿ ಇಲ್ಲಿಗೆ ಬಂದಿತು, ಎಂಬ ಪ್ರಶ್ನೆಯನ್ನು ಕಾಯಿದೆಯು ಕಟ್ಟುನಿಟ್ಟಾಗಿ ಕೇಳಲಾರಂಭಿಸಿದ್ದು ರೋಗದ ಭಯದಿಂದ. ಅದಕ್ಕೆ ಬ್ರಿಟನ್ನಿನ ವೃತ್ತಾಂತವು ಒಳ್ಳೆಯ ನಿದರ್ಶನವಾಗಿರುವುದರಿಂದ ಅದನ್ನು ಸ್ವಲ್ಪ ವಿಸ್ತರಿಸಿ ಹೇಳುವೆವು.

ಆ ದೇಶದಲ್ಲಿ ಹಸುಗಳಿಗೆ, ಸತ್ತ ಪಶುಗಳ ಮಾಂಸ ಮೂಳೆಗಳ ಪುಡಿಯನ್ನು ಹಿಂಡಿಯಲ್ಲಿ ಬೆರೆಸಿ ತಿನ್ನಿಸುವ ಪದ್ಧತಿಯಿತ್ತು. ಹುಲ್ಲನ್ನು ತಿನ್ನಬೇಕಾದ ಪ್ರಾಣಿಗೆ ಅದರ ಜಾತಿಯದನ್ನೇ ಉಣಿಸಿದರು. ೧೯೮೬ರಲ್ಲಿ ಹಸುಗಳ ಮೆದುಳು ರಂಧ್ರಮಯವಾಗಿ, ಅವು ಕಾಲು ತಡವರಿಸಿ ಬಿದ್ದು ಸಾಯುವ ಹೊಸ ರೋಗವೊಂದು ಪತ್ತೆಯಾಯಿತು. ಜನರು ಅದನ್ನು ಹುಚ್ಚುಹಸುವಿನ ರೋಗವೆಂದರು. ೧೯೯೬ರ ಮಾರ್ಚಿ ೨೦ರಂದು ಆರೋಗ್ಯಮಂತ್ರಿಯು ಪಾರ್ಲಿಮೆಂಟಿನಲ್ಲಿ ಎದ್ದುನಿಂತು, ಹತ್ತು ಮಂದಿಯಲ್ಲಿ ಕಂಡುಬಂದ ಮೆದುಳಿನ ಮಾರಕ ವ್ಯಾಧಿಗೆ ಈ ಹಸುಗಳ ರೋಗವೇ ಬಹುಶಃ ಕಾರಣವಿರಬೇಕೆಂದು ಹೇಳಬೇಕಾಯಿತು. ಒಂದು ವಾರದೊಳಗೆ ಯೂರೋಪಿನ ಒಕ್ಕೂಟವು ಬ್ರಿಟನ್ನಿನ ದನದ ಮಾಂಸಕ್ಕೆ ಬಾಗಿಲು ಮುಚ್ಚಿತು. ಮೂವತ್ತು ತಿಂಗಳು ಮೀರಿದ ದನವು ಆಹಾರಕ್ಕೆ ಹೋಗಕೂಡದೆಂದು ಸರ್ಕಾರವು ವಿಧಿಸಿತು. ಆ ದೇಶದವರ ಊಟದ ಚರ್ಚೆ ನಮಗೆ ಬೇಡ. ನೋಡತಕ್ಕದ್ದೇನೆಂದರೆ, ಈ ದನಕ್ಕೆ ಮೂವತ್ತು ತಿಂಗಳು ಆಗಿಲ್ಲವೆಂದು ರುಜುವಾತು ಮಾಡುವ ಬಗೆ ಹೇಗೆ? ಒಡೆಯನ ಬಾಯಿಮಾತನ್ನು ನಂಬುವ ಕಾಲವು ಮುಗಿದಿತ್ತು.

ಹೀಗೆ ೧೯೯೬ರ ಜುಲೈ ೧ರಿಂದ ಅಲ್ಲಿ ಹುಟ್ಟಿದ ಪ್ರತಿಯೊಂದು ಕರುವಿಗೂ ಮನುಷ್ಯರಿಗಿರುವಂತೆ ರಹದಾರಿ ಬಂದಿತು. ೧೯೯೮ರ ಸೆಪ್ಟೆಂಬರಿನಲ್ಲಿ ಎಲ್ಲ ಜನನ, ಮರಣ, ಸಂಚಾರಗಳನ್ನೂ ಬರೆದಿಡುವ ಗಣಕದ ದಫ್ತರವು ಆರಂಭವಾಯಿತು. ಅದಕ್ಕೆಂದೇ ವರ್ಕಿಂಗ್ಟನ್ ಎಂಬ ಊರಿನಲ್ಲಿ ಒಂದು ಕಚೇರಿಯನ್ನು ತೆರೆದರು. ನಿಬಂಧನೆಗಳು ಬಹು ಬಿಗಿ. ಎರಡು ಕಿವಿಗೂ ಒಂದೇ ಸಂಖ್ಯೆಯ ಓಲೆ. ಒಂದು ಉದುರಿದರೂ ಇನ್ನೊಂದು ಸಾಕ್ಷಿಯಾಗಿರಬೇಕು. ಅಲ್ಲಿಯೂ ಅಂಕಿಗಳು ಹನ್ನೆರಡೇ, ಆದರೆ ಮೊದಲ ಆರು ಅಂಕಿಗಳಿಂದಲೇ ಹುಟ್ಟಿದ ಮಂದೆಯು ತಿಳಿಯುತ್ತದೆ. ಹುಟ್ಟಿದ ೨೭ ದಿನಗಳೊಳಗೆ ರಹದಾರಿಗೆ ಅರ್ಜಿ ಸೇರಬೇಕು. ದನವು ಒಂದು ಹೊಲಮನೆಯಿಂದ ಇನ್ನೊಂದಕ್ಕೆ ಹೋದರೆ ಕಳುಹಿಸಿದವನೂ ಬರಮಾಡಿಕೊಂಡವನೂ ಬೇರೆ ಬೇರೆಯಾಗಿ ಮೂರು ದಿನಗಳೊಳಗೆ ತಿಳಿಸಬೇಕು. ಇಬ್ಬರ ಮಾತೂ ಹೊಂದದಿದ್ದರೆ ವಿಚಾರಣೆ. ಮನೆಯ ದಫ್ತರವನ್ನು ಹತ್ತು ವರ್ಷ ಜೋಪಾನ ಮಾಡಬೇಕು. ದನವು ಸತ್ತರೆ ಏಳು ದಿನಗಳೊಳಗೆ ಸುದ್ದಿಯೂ ರಹದಾರಿಯೂ ಕಚೇರಿಗೆ ತಲಪಬೇಕು. ಕೌಟಿಲ್ಯನು ಚರ್ಮವನ್ನು ತರಿಸಿದನು, ಇವರು ಕಾಗದವನ್ನು ತರಿಸಿದರು. ಇಬ್ಬರ ಉದ್ದೇಶವೂ ಸತ್ತ ದನದ ಹೆಸರಿನಲ್ಲಿ ಬೇರೊಂದು ಬದುಕದಿರಲಿ ಎಂಬುದೇ.

ಇಷ್ಟು ಕಾಗದವು ಬೇಕೇ ಎಂದು ರೈತರು ಗೊಣಗದೆ ಇರಲಿಲ್ಲ. ಆ ಗೊಣಗಿಗೆ ೨೦೦೧ನೆಯ ಇಸವಿಯು ಉತ್ತರ ಕೊಟ್ಟಿತು. ಫೆಬ್ರವರಿ ತಿಂಗಳಲ್ಲಿ ಎಸೆಕ್ಸ್ ಪ್ರಾಂತದ ಕಸಾಯಿಖಾನೆಯೊಂದರ ಹಂದಿಗಳಲ್ಲಿ ಕಾಲುಬಾಯಿ ರೋಗವು ಕಂಡುಬಂದಿತು. ಮೂಲವನ್ನು ಅರಸುತ್ತ ಹೋದ ಅಧಿಕಾರಿಗಳು ಉತ್ತರದಲ್ಲಿ ನಾರ್ಥಂಬರ್ಲೆಂಡಿನ ಒಂದು ಹಂದಿಸಾಕಣೆಯನ್ನು ತಲಪಿದರು. ಆದರೆ ಅಷ್ಟರೊಳಗೆ ನೆರೆಯ ಕುರಿಗಳಿಗೆ ರೋಗವು ತಗಲಿ, ಆ ಕುರಿಗಳು ಹೆಕ್ಸಾಮ್ ಮತ್ತು ಲಾಂಗ್‌ಟೌನ್ ಸಂತೆಗಳ ಮೂಲಕ ದಲ್ಲಾಳಿಗಳ ಕೈಯಿಂದ ಕೈಗೆ ದಾಟಿ ದೇಶದ ಮೂಲೆಮೂಲೆಗೆ ಚದರಿಹೋಗಿದ್ದವು. ದನಗಳಿಗೆ ಒಂದೊಂದಕ್ಕೂ ಸಂಖ್ಯೆಯಿತ್ತು, ರಹದಾರಿಯಿತ್ತು. ಕುರಿಗಳಿಗೆ ಹಾಗೆ ಬಿಡಿಬಿಡಿಯಾದ ಸಂಖ್ಯೆಯಿರಲಿಲ್ಲ. ಯಾವ ಕುರಿಯು ಯಾವ ಸಂತೆಯಲ್ಲಿ ಯಾವುದರ ಪಕ್ಕದಲ್ಲಿ ನಿಂತಿತ್ತೆಂದು ಹೇಳುವವರಿಲ್ಲದೆ ಹೋಯಿತು. ರೋಗವನ್ನಡಗಿಸುವುದಕ್ಕೆ ಅರವತ್ತು ಲಕ್ಷಕ್ಕೂ ಮಿಕ್ಕ ಪಶುಗಳನ್ನು ಕೊಂದರು. ಅವುಗಳಲ್ಲಿ ಬಹುಭಾಗ ಕುರಿಗಳು, ಎಷ್ಟೋ ನಿರೋಗಿಗಳು. ಮುಂದೆ ಕುರಿಗಳಿಗೂ ಬಿಡಿ ಸಂಖ್ಯೆಯು ಕಡ್ಡಾಯವಾಯಿತು; ಆದರೆ ಅದು ಪೂರ್ಣವಾಗಿ ಜಾರಿಗೆ ಬಂದದ್ದು ೨೦೧೦ರಲ್ಲಿ.

ನಮ್ಮ ದೇಶದ ಕಾಯಿದೆಗಳು ಬಹುಕಾಲ 'ಯಾರದು' ಎಂಬ ಪ್ರಶ್ನೆಯಲ್ಲಿಯೇ ನಿಂತಿದ್ದವು. ತುಡುಗು ದನಗಳ ವಿಷಯವಾದ ೧೮೭೧ರ ಕಾಯಿದೆಯು, ದೊಡ್ಡಿಯ ಕಾವಲುಗಾರನು ಬಂದ ದನಗಳ ಸಂಖ್ಯೆ, ಚಹರೆ, ಬಂದ ದಿನ ಮತ್ತು ಘಂಟೆ, ಹಿಡಿದು ತಂದವನ ಹೆಸರು, ತಿಳಿದಿದ್ದರೆ ಒಡೆಯನ ಹೆಸರು, ಇವನ್ನು ಬರೆಯಬೇಕೆಂದು ವಿಧಿಸಿತ್ತು. ಪಶುಗಳ ಅಂಟುರೋಗಗಳನ್ನು ಕುರಿತು ೨೦೦೯ರಲ್ಲಿ ಬಂದ ಕಾಯಿದೆಯು ರೋಗವಿರುವ ಪ್ರದೇಶದಿಂದ ದನವನ್ನು ಸಾಗಿಸುವುದನ್ನು ತಡೆದು, ಲಸಿಕೆಯಾದ ಪಶುವಿಗೆ ಗುರುತನ್ನೂ ಪ್ರಮಾಣಪತ್ರವನ್ನೂ ಕೊಡುವ ಏರ್ಪಾಡು ಮಾಡಿತು. ಕಾಲುಬಾಯಿ ರೋಗಕ್ಕೂ ಗರ್ಭಪಾತವನ್ನುಂಟುಮಾಡುವ ಬ್ರುಸೆಲ್ಲಾ ರೋಗಕ್ಕೂ ೨೦೧೯ರ ಸೆಪ್ಟೆಂಬರಿನಲ್ಲಿ ಮಥುರೆಯಲ್ಲಿ ಪ್ರಾರಂಭವಾದ ಲಸಿಕೆಯ ಯೋಜನೆಯೊಡನೆ ಓಲೆಯು ಹಳ್ಳಿಹಳ್ಳಿಗೂ ಹರಡಿತು. ಆ ವರ್ಷದ ಜಾನುವಾರು ಗಣತಿಯಲ್ಲಿ ದೇಶದ ದನಗಳೇ ೧೯ ಕೋಟಿಗೆ ಮೇಲ್ಪಟ್ಟಿದ್ದವು, ಎಮ್ಮೆಗಳು ಸುಮಾರು ೧೧ ಕೋಟಿ. ಇಷ್ಟು ಕಿವಿಗಳಿಗೆ ಓಲೆ ತೊಡಿಸುವುದು ಸಾಮಾನ್ಯದ ಮಾತಲ್ಲ.

ಆದರೆ ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ಗುರುತು ಬಂದಿದೆ, ದಾರಿಯ ಲೆಕ್ಕವು ಇನ್ನೂ ನೆಟ್ಟಗೆ ಬಂದಿಲ್ಲ. ಸಂತೆಯಲ್ಲಿ ಟವಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರುತ್ತದೆ, ಹಗ್ಗವು ಕೈ ಬದಲಾಗುತ್ತದೆ, ಹಸುವು ಹೊಸ ಒಡೆಯನ ಹಿಂದೆ ನಡೆಯುತ್ತದೆ. ದಫ್ತರದಲ್ಲಿ ಮಾತ್ರ ಅದು ಹಳೆಯ ಕೊಟ್ಟಿಗೆಯಲ್ಲಿಯೇ ಮೇವು ಮೆಲ್ಲುತ್ತಿರುತ್ತದೆ. ೨೦೨೨ರಲ್ಲಿ ಚರ್ಮಗಂಟು ರೋಗವು ಹಬ್ಬಿದಾಗ ದನಗಳ ಜಾತ್ರೆ ಸಂತೆಗಳನ್ನೇ ನಿಲ್ಲಿಸಬೇಕಾಯಿತು. ಯಾವ ದನವು ಎಲ್ಲಿಂದ ಬಂದಿತೆಂದು ಹೇಳಲು ಆಗದಿದ್ದರೆ ಎಲ್ಲ ದನವನ್ನೂ ತಡೆಯುವುದೊಂದೇ ಉಪಾಯ.

ಇದರ ನಷ್ಟವು ಸರ್ಕಾರಕ್ಕಿಂತ ಗೃಹಸ್ಥನಿಗೇ ಹೆಚ್ಚು. ನಮ್ಮ ಪರಿಚಯದ ಒಬ್ಬ ವಿಧವೆಯು ಒಂದೇ ಒಂದು ಸೀಮೆಹಸುವಿನ ಹಾಲಿನಿಂದ ಸಂಸಾರವನ್ನು ನಡೆಸುತ್ತಿದ್ದಳು. ಹಸುವಿಗೆ ವಿಮೆಯಿತ್ತು. ಮುಳ್ಳುಬೇಲಿಗೆ ಸಿಕ್ಕಿ ಓಲೆಯು ಕಿತ್ತುಬಂದಿತು. ಆಕೆ ಅದನ್ನು ತೊಳೆದು, ಸರ್ಕಾರದ ವಸ್ತುವೆಂದು ಭಯಭಕ್ತಿಯಿಂದ ದೇವರ ಗೂಡಿನಲ್ಲಿಟ್ಟಳು. ಕೆಲವು ವಾರಗಳ ಮೇಲೆ ಹಸುವು ಹೊಟ್ಟೆಯುಬ್ಬರದಿಂದ ಸತ್ತಿತು. ಓಲೆಯು ಕಿವಿಯಲ್ಲಿರಲಿಲ್ಲವೆಂದು ವಿಮೆಯವರು ಹಣವನ್ನು ನಿರಾಕರಿಸಿದರು. "ಮೇಷ್ಟ್ರೇ, ಓಲೆ ನನ್ನ ಹತ್ತಿರವೇ ಇದೆಯಲ್ಲ, ನಾನೇನು ಕದ್ದೆನೇ?" ಎಂದು ಆಕೆ ಅಂಗೈಯಲ್ಲಿ ಅದನ್ನು ಹಿಡಿದು ನಮ್ಮನ್ನು ಕೇಳಿದಳು. ನಿಯಮವು ತಪ್ಪಲ್ಲ, ದೇಹದಿಂದ ಬೇರೆಯಾದ ಗುರುತು ಗುರುತಲ್ಲವೆಂದೇ ಕೌಟಿಲ್ಯನೂ ಚರ್ಮವನ್ನು ಕೇಳಿದನು. ಆದರೆ ಓಲೆಯನ್ನು ಚುಚ್ಚಿದವರಾಗಲಿ, ವಿಮೆಯ ಕಂತನ್ನು ಕಟ್ಟಿಸಿಕೊಂಡವರಾಗಲಿ, ಅದು ಬಿದ್ದರೆ ಏನು ಮಾಡಬೇಕೆಂದು ಆಕೆಗೆ ಒಂದು ಮಾತು ಹೇಳಿರಲಿಲ್ಲ. ಪ್ರಜೆಗೆ ತಿಳಿಸದ ನಿಯಮವನ್ನು ಪ್ರಜೆಯ ಮೇಲೆ ಪ್ರಯೋಗಿಸುವುದು ಯಾವ ಧರ್ಮ? ಬ್ರಿಟನ್ನಿನಲ್ಲಿ ಓಲೆಯು ಕಳೆದುದನ್ನು ಕಂಡ ೨೮ ದಿನಗಳೊಳಗೆ ಅದೇ ಸಂಖ್ಯೆಯ ಇನ್ನೊಂದನ್ನು ಹಾಕಿಸಬೇಕೆಂದು ನಿಯಮವಿಟ್ಟರು. ಅದು ಅಲ್ಲಿಯ ರೈತನಿಗೆ ಬಾಯಿಪಾಠವಾಗಿರುತ್ತದೆ.

ಆದುದರಿಂದ ಹಸುವಿರುವ ಮನೆಯವರು ಇಷ್ಟನ್ನು ಮಾಡಿಕೊಳ್ಳುವುದು ಲೇಸು. ಹನ್ನೆರಡು ಅಂಕಿಗಳನ್ನೂ ಪಂಚಾಂಗದ ಹಿಂದಿನ ಹಾಳೆಯ ಮೇಲೆಯಾದರೂ ಬರೆದಿಟ್ಟುಕೊಳ್ಳಬೇಕು. ಓಲೆಯ ಸಮೇತ ಹಸುವಿನ ಮುಖವು ಕಾಣುವಂತೆ ಒಂದು ಚಿತ್ರವನ್ನು ತೆಗೆಯಿಸಿಡಬೇಕು. ಓಲೆಯು ಬಿದ್ದರೆ ಅಂದೇ ಪಶುವೈದ್ಯಶಾಲೆಗೂ ವಿಮೆಯವರಿಗೂ ಬರಹದಲ್ಲಿ ತಿಳಿಸಿ, ಹೊಸ ಓಲೆಯ ಸಂಖ್ಯೆಯನ್ನು ಹಳೆಯದರೊಡನೆ ಸೇರಿಸಿ ಬರೆಯಿಸಬೇಕು. ಹಸುವನ್ನು ಕೊಂಡರೆ ಹಣವನ್ನು ಎಣಿಸುವ ಮೊದಲು ಕಿವಿಯ ಸಂಖ್ಯೆಯನ್ನು ಓದಿ, ಮಾರುವವನ ಹೆಸರಿನಲ್ಲಿಯೇ ಇದೆಯೇ ಎಂದು ವಿಚಾರಿಸಿ, ಒಡೆತನದ ಬದಲಾವಣೆಯನ್ನು ದಫ್ತರಕ್ಕೆ ಸೇರಿಸಬೇಕು. ಓಲೆಯನ್ನು ಹಾಕುವ ದಿನ ಮನೆಯ ಯಜಮಾನನೋ ಯಜಮಾನಿಯೋ ಹತ್ತಿರದಲ್ಲಿ ನಿಲ್ಲಬೇಕು. ಕಿವಿಯ ಅಂಚಿಗೆ ಚುಚ್ಚಿದರೆ ಬೇಲಿಗೆ ಸಿಕ್ಕಿ ಹರಿಯುವುದು, ರಕ್ತನಾಳದ ಮೇಲೆ ಚುಚ್ಚಿದರೆ ನೆತ್ತರು ನಿಲ್ಲದು. ಕಿವಿಯ ನಡುಭಾಗದಲ್ಲಿ, ಎರಡು ಏಣುಗಳ ಮಧ್ಯದಲ್ಲಿ ಚುಚ್ಚಿಸಿ, ಗಾಯವು ಮಾಯುವತನಕ ನೊಣವು ಕೂಡದಂತೆ ದಿನವೂ ನೋಡಿಕೊಳ್ಳಬೇಕು.