ಆಟ ಮುಗಿದರೆ ಮಂಗಳ ಹಾಡಿ ಮಾರಾಯ್ರೆ

ಓಪನ್ ಸೋರ್ಸ್ ಆಟಗಳಿಗೆ ಸಾವಿಲ್ಲ ಅಂತ ಒಂದು ಮಾತು ಆಗಾಗ ಕೇಳಿಬರುತ್ತದೆ. ಸೋರ್ಸ್ ಕೋಡ್ ಎಲ್ಲರ ಕೈಯಲ್ಲೂ ಇದೆಯಲ್ಲ, ಒಬ್ಬ ಕೈಬಿಟ್ಟರೆ ಇನ್ನೊಬ್ಬ ಎತ್ತಿಕೊಳ್ಳುತ್ತಾನೆ ಅನ್ನೋದು ಅದರ ಹಿಂದಿನ ಲೆಕ್ಕ. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ರೋಲ್ ಪ್ಲೇಯಿಂಗ್ ಗೇಮ್‌ಗಳ ಮಟ್ಟಿಗೆ ನಾನಿದನ್ನು ಒಪ್ಪೋದಿಲ್ಲ. ಅವು ಸಾಯುತ್ತವೆ, ಧಾರಾಳವಾಗಿ ಸಾಯುತ್ತವೆ. ಸತ್ತ ಸುದ್ದಿ ಮಾತ್ರ ಯಾರೂ ಹೇಳೋದಿಲ್ಲ. "ಹೊಸ ಆವೃತ್ತಿ ಸದ್ಯದಲ್ಲೇ" ಅಂತ ಬರೆದಿಟ್ಟ ಸಾಲು ವರ್ಷಗಟ್ಟಲೆ ಹಾಗೇ ಕೂತಿರುತ್ತದೆ.

ಈ ಆಟಗಳ ಪರಿಚಯ ಇಲ್ಲದವರಿಗೆ ಒಂದು ಮಾತು. ಇದರಲ್ಲಿ ನೀವೊಂದು ಪಾತ್ರ ವಹಿಸಿ ಕಥೆಯೊಳಗೆ ಓಡಾಡುತ್ತೀರಿ. ಊರೂರು ತಿರುಗಬೇಕು, ಸಿಕ್ಕವರ ಹತ್ತಿರ ಮಾತಾಡಬೇಕು, ಒಗಟು ಬಿಡಿಸಬೇಕು, ಕೆಲವು ಕಡೆ ಹೊಡೆದಾಡಬೇಕು. ಚದುರಂಗದ ಪ್ರೋಗ್ರಾಂ ಬರೆಯಲಿಕ್ಕೆ ನಿಯಮ ಗೊತ್ತಿದ್ದರೆ ಸಾಕು. ಇಲ್ಲಿ ಒಂದು ಊರನ್ನೇ ಕಟ್ಟಬೇಕು. ಪ್ರತಿ ಬಾಗಿಲ ಹಿಂದೆ ಏನಾದರೂ ಇರಬೇಕು, ಎದುರು ಸಿಕ್ಕ ಪ್ರತಿಯೊಬ್ಬನಿಗೂ ಮಾತು ಬರೆಯಬೇಕು. ಚಿತ್ರ, ಸಂಗೀತ, ಕಥೆ, ಕೋಡ್ ನಾಲ್ಕೂ ಒಟ್ಟಿಗೆ ಬೇಕು, ಅದೂ ಸಂಜೆ ಆಫೀಸಿನಿಂದ ಬಂದ ಮೇಲೆ, ಸಂಬಳವಿಲ್ಲದೆ!

ಅಡಾಂಥೆಲ್ ಅಂತ ಒಂದು ಯೋಜನೆ ಇತ್ತು. 1999ರಲ್ಲಿ ಶುರುವಾಗಿದ್ದು. ಸೂಪರ್ ನಿಂಟೆಂಡೋ ಕಾಲದ ಆಟಗಳ ಮೇಲೆ ಪ್ರೀತಿಯಿದ್ದ ಒಂದಿಷ್ಟು ಜನ ಸೇರಿ, ಅಂಥದ್ದೇ ಒಂದು ದೊಡ್ಡ ಲೋಕವನ್ನು ಜಿಪಿಎಲ್ ಲೈಸೆನ್ಸಿನಡಿ ಕಟ್ಟಬೇಕು ಅಂತ ಹೊರಟರು. ಎಂಜಿನ್ ಸಿ++ನಲ್ಲಿ, ಸಂಭಾಷಣೆಗಳು ಪೈಥಾನ್‌ನಲ್ಲಿ. ಮೊದಲು ಕೈ ಪಳಗಲಿ ಅಂತ 'ವೇಸ್ಟ್ಸ್ ಎಡ್ಜ್' ಎಂಬ ಪುಟ್ಟ ಆಟ ಮಾಡಿದರು. ಅದರಲ್ಲಿ ನೀವು ಲೇಡಿ ಸಿಲ್ವರ್‌ಹೇರ್ ಎಂಬ ಒಡತಿಯ ನಂಬಿಕಸ್ಥ ಸೇವಕ. ಎಲ್ಲೋ ದೂರದ ವ್ಯಾಪಾರದ ತಂಗುದಾಣ, ಅಲ್ಲಿ ಕುಬ್ಜ ವರ್ತಕನೊಬ್ಬನ ಜೊತೆ ಒಡತಿಯ ಮಾತುಕತೆ ನಡೆದಿದೆ, ಅಷ್ಟರಲ್ಲಿ ಅವಳ ಮರ್ಯಾದೆಗೇ ಕುತ್ತು ಬರುತ್ತದೆ. ಕತ್ತಿ ಬೀಸಿ ಗೆಲ್ಲುವ ಆಟವಲ್ಲ ಇದು. ಜನರನ್ನು ಮಾತಾಡಿಸಿ ಮಾತಾಡಿಸಿ ಸತ್ಯ ಹೊರಗೆಳೆಯಬೇಕು. ನನಗೆ ಇಂದಿಗೂ ಇಷ್ಟವಾಗೋದು ಅದೇ.

ಆಮೇಲೆ? ಆಮೇಲೆ ಹೊಸ ಎಂಜಿನ್ ಬರೆಯಲಿಕ್ಕೆ ಕೂತರು. ಹಳೆಯದು ಸಾಲದು, ಮೊದಲಿನಿಂದ ಬರೆಯೋಣ ಅಂತ. ದೊಡ್ಡ ಕಥೆ ಬರಲೇ ಇಲ್ಲ.

ಇದು ಅಡಾಂಥೆಲ್ ಒಂದರ ಕಥೆಯಲ್ಲ. ಇಂಥ ಯೋಜನೆಗಳಿಗೆ ಪ್ರೋಗ್ರಾಮರ್‌ಗಳು ಸಿಗುತ್ತಾರೆ, ಚಿತ್ರ ಬರೆಯುವವರು ಕಡಿಮೆ, ಕಥೆ ಬರೆದು ಮುಗಿಸುವವರು ಇನ್ನೂ ಕಡಿಮೆ. ಪ್ರೋಗ್ರಾಮರ್‌ಗೆ ಎಂಜಿನ್ ತಿದ್ದುವುದೇ ಸುಖ. ಪಾತ್ರೆ ಫಳಫಳ ಹೊಳೆಯುತ್ತದೆ, ಅನ್ನಕ್ಕೆ ಮಾತ್ರ ಯಾರೂ ನೀರಿಟ್ಟಿರೋದಿಲ್ಲ :) ಅಷ್ಟರಲ್ಲಿ ಕಾಲಡಿಯ ನೆಲವೇ ಸರಿಯುತ್ತದೆ. 2013ರಲ್ಲಿ ಎಸ್‌ಡಿಎಲ್ 2 ಬಂತು, 1.2ಕ್ಕೆ ಬರೆದಿದ್ದನ್ನೆಲ್ಲ ತಿದ್ದಬೇಕಾಯಿತು. 2020ರ ಜನವರಿ 1ಕ್ಕೆ ಪೈಥಾನ್ 2ರ ಬಾಗಿಲು ಮುಚ್ಚಿತು. ಯಾರೂ ಏನೂ ತಪ್ಪು ಮಾಡದೆಯೇ, ನಿನ್ನೆ ಓಡುತ್ತಿದ್ದ ಆಟ ಇವತ್ತು ಓಡೋದಿಲ್ಲ.

ಹಾಗಂತ ಮುಚ್ಚುವುದನ್ನು ನಾನು ಬೈಯುತ್ತಿಲ್ಲ. ಮದುವೆಯಾಗುತ್ತದೆ, ಮಕ್ಕಳಾಗುತ್ತವೆ, ಕೆಲಸ ಬದಲಾಗುತ್ತದೆ, ಬೇಸರವೂ ಬರುತ್ತದೆ. ಪುಕ್ಕಟೆ ಕೆಲಸ ಮಾಡಿದವನಿಗೆ ನಿಲ್ಲಿಸುವ ಹಕ್ಕು ಇದ್ದೇ ಇದೆ. ನನ್ನ ತಕರಾರು ಹೇಳದೇ ಹೋಗುವುದರ ಬಗ್ಗೆ. ನಮ್ಮ ಕಡೆ ಯಕ್ಷಗಾನಕ್ಕೂ ಆಟ ಅಂತಲೇ ಹೇಳುವುದು. ಬೆಳಗಿನ ಜಾವ ಎದುರಿಗೆ ನಾಲ್ಕೇ ಜನ ತೂಕಡಿಸುತ್ತಾ ಕೂತಿದ್ದರೂ ಭಾಗವತರು ಮಂಗಳ ಹಾಡದೆ ಜಾಗಟೆ ಕೆಳಗಿಡೋದಿಲ್ಲ. ಆಟ ಮುಗಿಯಿತು, ಇನ್ನು ಮನೆಗೆ ಹೋಗಿ ಅಂತ ನೋಡುವವರಿಗೂ ಗೊತ್ತಾಗಬೇಕಲ್ಲ.

ಯಾಕೆಂದರೆ, ಯಾವುದೋ ಊರಿನ ಕಾಲೇಜು ಹುಡುಗಿಯೊಬ್ಬಳು ಆ "ಸದ್ಯದಲ್ಲೇ" ನೋಡಿ ನಂಬುತ್ತಾಳೆ ಅಂದುಕೊಳ್ಳಿ. ಕೋಡ್ ಇಳಿಸಿಕೊಂಡು, ಎರಡು ವಾರ ತಲೆ ಕೆಡಿಸಿಕೊಂಡು, ಒಂದು ಪ್ಯಾಚ್ ಕಳಿಸುತ್ತಾಳೆ. ಉತ್ತರವಿಲ್ಲ. ತನ್ನ ಕೆಲಸವೇ ಸರಿಯಿಲ್ಲವೇನೋ ಅಂದುಕೊಂಡು ಸುಮ್ಮನಾಗುತ್ತಾಳೆ. ನಿಂತ ಯೋಜನೆಯಿಂದ ಆಗುವ ದೊಡ್ಡ ನಷ್ಟ ಇದೇ ಅಂತ ನನಗನ್ನಿಸೋದು. ಇನ್ನೊಂದು ಆಟಕ್ಕೆ ಆಗಬಹುದಾಗಿದ್ದ ಕೈ ಅದು.

ಇದಕ್ಕೆ ಎದುರುವಾದ ಇದೆ, ಅದು ಹಗುರವಾದದ್ದೇನಲ್ಲ. ನೆಟ್‌ಹ್ಯಾಕ್ 3.4.3 ಬಂದಿದ್ದು 2003ರ ಡಿಸೆಂಬರ್‌ನಲ್ಲಿ. ಮುಂದಿನ 3.6.0 ಬಂದಿದ್ದು 2015ರ ಡಿಸೆಂಬರ್‌ನಲ್ಲಿ. ಸರಿಯಾಗಿ ಹನ್ನೆರಡು ವರ್ಷ! ಅವರು ನಡುವೆ ಮಂಗಳ ಹಾಡಿಬಿಟ್ಟಿದ್ದರೆ? ಕೇಳಬೇಕಾದ ಪ್ರಶ್ನೆಯೇ. ಆದರೆ ನೆಟ್‌ಹ್ಯಾಕ್‌ಗೆ ಚಿತ್ರಗಳ ಹಂಗಿಲ್ಲ. ಟರ್ಮಿನಲ್ಲಿನ ಅಕ್ಷರಗಳಲ್ಲೇ ಇಡೀ ಆಟ, ನಾಯಕನೆಂದರೆ ಒಂದು @ ಚಿಹ್ನೆ. 1987ರಿಂದ ಬೇರು ಬಿಟ್ಟ ಮರ ಅದು, ಆ ಹನ್ನೆರಡು ವರ್ಷವೂ ಬೇರೆಯವರು ಅದರಿಂದ ಕವಲು ಒಡೆಸುತ್ತಲೇ ಇದ್ದರು. ನಮ್ಮ ನಿಮ್ಮಂಥವರ ಐದು ಜನರ ಯೋಜನೆಗೆ ಆ ಆಯಸ್ಸಿನ ಲೆಕ್ಕ ಹಿಡಿಯಬಾರದು.

ಡಂಜನ್ ಕ್ರಾಲ್ ನೋಡಿ. ಲಿನ್ಲೆ ಹೆನ್ಜೆಲ್ 1990ರ ದಶಕದಲ್ಲಿ ಬರೆದ ಆಟ. ಅವರು ದೂರ ಸರಿದ ಮೇಲೆ ಬೆಳವಣಿಗೆ ಕುಂಟಿತು, 2006ರಲ್ಲಿ ಬೇರೆಯವರು 'ಸ್ಟೋನ್ ಸೂಪ್' ಅಂತ ಮುಂದುವರಿಸಿದರು, ಇವತ್ತಿಗೂ ನಡೆಯುತ್ತಿದೆ. ಲೈಸೆನ್ಸ್ ಅನುಕೂಲಕರವಾಗಿತ್ತು, ಎತ್ತಿಕೊಂಡರು. ಆಂಗ್‌ಬ್ಯಾಂಡ್ ಕೈಯಿಂದ ಕೈಗೆ ದಾಟುತ್ತಾ ಬಂದ ಆಟ, ಆದರೆ ಅದರ ಹಳೆಯ ಲೈಸೆನ್ಸ್ ವಾಣಿಜ್ಯ ಬಳಕೆಗೆ ಬಿಡುತ್ತಿರಲಿಲ್ಲ. ಹಳಬರನ್ನೆಲ್ಲ ಹುಡುಕಿ ಒಪ್ಪಿಗೆ ಪಡೆದು ಜಿಪಿಎಲ್‌ಗೆ ತರುವಷ್ಟರಲ್ಲಿ 2009 ಆಗಿತ್ತು. ಬಾಗಿಲು ಹಾಕಿ ಹತ್ತು ವರ್ಷ ಕಳೆದ ಮೇಲೆ ಈ ಹುಡುಕಾಟ ಮಾಡುವವರು ಯಾರು? ಎಲ್ಲರೂ ಮೇಲ್‌ಗೆ ಸಿಗುತ್ತಿರುವಾಗಲೇ ಮುಗಿಸಬೇಕಾದ ಕೆಲಸ ಅದು.

ಕೋಡಿಗಿಂತ ಚಿತ್ರ, ಸಂಗೀತಗಳದ್ದೇ ದೊಡ್ಡ ತಲೆನೋವು. ಪ್ಲೇನ್‌ಶಿಫ್ಟ್ ಎಂಬ ಆನ್‌ಲೈನ್ ಆಟದ ಕೋಡ್ ಜಿಪಿಎಲ್, ಆದರೆ ಚಿತ್ರ, ಮಾಡೆಲ್, ಕಥೆಗಳಿಗೆ ಬೇರೆಯೇ ಲೈಸೆನ್ಸ್, ಅವನ್ನು ಹೊರಗೆ ಬಳಸುವಂತಿಲ್ಲ. ಹಾಗೆ ಇಟ್ಟುಕೊಳ್ಳುವುದು ಅವರ ಹಕ್ಕು, ಸರಿ. ಆದರೆ ಇಂಥ ಯೋಜನೆಯೊಂದು ನಿಂತರೆ ಕೈಗೆ ಉಳಿಯೋದು ಗೋಡೆಯೊಳಗಿನ ವೈರಿಂಗ್ ಮಾತ್ರ, ಮನೆಯಲ್ಲ. ರೈಝಮ್ ಕಥೆ ಇದಕ್ಕೆ ತದ್ವಿರುದ್ಧ. ಅದು ಕಂಪನಿಯ ಆಟ. 2006ರಲ್ಲಿ ಆ ಕಂಪನಿ ದಿವಾಳಿಯಾದಾಗ ಅದನ್ನು ಕೊಂಡು ಮುಕ್ತಗೊಳಿಸಲು ಒಂದು ಅಭಿಯಾನವೇ ನಡೆಯಿತು, ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 60,000 ಡಾಲರ್ ಕೊಡುವುದಾಗಿ ಹೇಳಿತು, ಆದರೂ ಕೈಗೂಡಲಿಲ್ಲ. ಕೊನೆಗೆ 2010ರಲ್ಲಿ ಆಗಿನ ಮಾಲೀಕರೇ ಕೋಡನ್ನೂ ಚಿತ್ರಗಳನ್ನೂ ಮುಕ್ತ ಲೈಸೆನ್ಸಿನಲ್ಲಿ ಬಿಟ್ಟರು. ದುಡ್ಡಿಗೆ ಮಾಡಿದ ಆಟದ ಚಿತ್ರಗಳು ಎಲ್ಲರಿಗೂ ಸಿಗುತ್ತವೆ, ಪ್ರೀತಿಯಿಂದ ಮಾಡಿದವುಗಳ ಚಿತ್ರಗಳು ಎಷ್ಟೋ ಸಲ ಸಿಗೋದಿಲ್ಲ. ವಿಚಿತ್ರ ಅಲ್ವಾ?

ಚಿತ್ರಗಳನ್ನು ದಾಟಿಸಲಿಕ್ಕೆ ಜಾಗವಿಲ್ಲ ಅನ್ನುವಂತೆಯೂ ಇಲ್ಲ. ಓಪನ್‌ಗೇಮ್‌ಆರ್ಟ್ 2009ರಿಂದ ಇದೆ. 2012ರಲ್ಲಿ ಅವರೂ ಕ್ರಿಯೇಟಿವ್ ಕಾಮನ್ಸ್ ಮತ್ತು ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನವರೂ ಸೇರಿ ಲಿಬರೇಟೆಡ್ ಪಿಕ್ಸೆಲ್ ಕಪ್ ಅಂತ ಸ್ಪರ್ಧೆ ಮಾಡಿದರು. ಎಲ್ಲರ ಚಿತ್ರಗಳೂ ಒಂದೇ ಶೈಲಿಯಲ್ಲಿರಬೇಕು ಅನ್ನೋದು ನಿಯಮ. ಹಾಗಾಗಿ ಒಬ್ಬ ಬರೆದ ಮರದ ಕೆಳಗೆ ಇನ್ನೊಬ್ಬ ಬರೆದ ಮನುಷ್ಯ ಒಪ್ಪವಾಗಿ ನಿಲ್ಲುತ್ತಾನೆ.

ಇನ್ನು ಕೋಡ್ ಇಟ್ಟ ಜಾಗವನ್ನೂ ನೆಚ್ಚಿಕೊಳ್ಳುವ ಹಾಗಿಲ್ಲ. ಬರ್ಲಿಓಎಸ್ 2014ರಲ್ಲಿ, ಗಿಟೋರಿಯಸ್ 2015ರಲ್ಲಿ, ಗೂಗಲ್ ಕೋಡ್ 2016ರಲ್ಲಿ, ಗ್ನಾ 2017ರಲ್ಲಿ ಮುಚ್ಚಿದವು. 2016ರಲ್ಲಿ ಬೆಳಕಿಗೆ ಬಂದ ಸಾಫ್ಟ್‌ವೇರ್ ಹೆರಿಟೇಜ್‌ನವರು ಕೆಲವನ್ನು ಉಳಿಸಿಕೊಂಡರು, ಅವರ ಪುಣ್ಯ.

ಹಾಗಾಗಿ ಯಾರಾದರೂ ಇಂಥದ್ದೊಂದು ಆಟಕ್ಕೆ ಬೀಗ ಹಾಕುವ ಯೋಚನೆಯಲ್ಲಿದ್ದರೆ, ಇರುವಷ್ಟನ್ನೇ ಓಡುವ ಸ್ಥಿತಿಯಲ್ಲಿ ಕೊನೆಯ ಆವೃತ್ತಿಯಾಗಿ ಬಿಡಿ. ಯಾವ ಚಿತ್ರ ಯಾರದ್ದು, ಯಾವ ಲೈಸೆನ್ಸಿನದ್ದು ಅಂತ ಹೆಸರಿನ ಸಮೇತ ಬರೆದಿಡಿ. ದೇಣಿಗೆ ಉಳಿದಿದ್ದರೆ ಅದರ ಲೆಕ್ಕ ಹೇಳಿ. ಮುಖ್ಯವಾಗಿ, ಎಂಜಿನ್‌ಗಾಗಿ ಕಾಯುತ್ತಾ ಕೂತಿದ್ದ ಆ ಅರ್ಧ ಕಥೆ, ನಕ್ಷೆಗಳು, ಬಳಸದೇ ಉಳಿದ ಸಂಭಾಷಣೆಗಳು ಇರುತ್ತವಲ್ಲ, ಅವನ್ನೂ ಜೊತೆಗೆ ಹಾಕಿ. ನಾಚಿಕೆ ಬೇಡ. ವೇಸ್ಟ್ಸ್ ಎಡ್ಜ್ ಮುಗಿಸಿದವನಿಗೆ ಆ ಲೋಕದಲ್ಲಿ ಮುಂದೇನಾಗುವುದಿತ್ತು ಅಂತ ತಿಳಿಯಬೇಕು ಅನ್ನಿಸುತ್ತದೆ, ಆಟವಾಗಿ ಅಲ್ಲದಿದ್ದರೆ ಬೇಡ, ಹತ್ತು ಪುಟದ ಟಿಪ್ಪಣಿಯಾಗಿಯೇ ಆದರೂ.