ಅಡಿಟಿಪ್ಪಣಿ ಕೊಟ್ಟರೆ ಆಯಿತೇ?

ಮೊನ್ನೆ ಕಾಸರಗೋಡಿನ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಮೈಕೆಲ್ ಕ್ರೈಟನ್‌ನ ‘ಸ್ಟೇಟ್ ಆಫ್ ಫಿಯರ್’ ಕಾದಂಬರಿಯ ಮಾತು ಬಂತು. “ಮಾಷ್ಟ್ರೇ, ಭೂಮಿ ಬಿಸಿಯಾಗುವುದೆಲ್ಲ ಬರೀ ಬೊಗಳೆಯಂತೆ. ಅಡಿಟಿಪ್ಪಣಿಯನ್ನೇ ಕೊಟ್ಟಿದ್ದಾನೆ ನೋಡಿ” ಎಂದರು ಸಹೋದ್ಯೋಗಿಯೊಬ್ಬರು. ಅವರಿಗೆ ಅಲ್ಲಿ ಕೊಡಲಾಗದ ಉತ್ತರ ಇಲ್ಲಿದೆ.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. 2004ರಲ್ಲಿ ಬಂದ ಈ ಪುಸ್ತಕ ಹಿಡಿದರೆ ಬಿಡಲು ಮನಸ್ಸಾಗದು. ದೇಣಿಗೆಗಾಗಿ ಜನರನ್ನು ಹೆದರಿಸುವ ಪರಿಸರ ಸಂಸ್ಥೆ, ಕೃತಕ ಸುನಾಮಿ ಎಬ್ಬಿಸಲು ಹೊರಟ ಉಗ್ರರು, ಅವರ ಬೆನ್ನು ಹತ್ತುವ ಪ್ರೊಫೆಸರ್ ಕೆನ್ನರ್. ಅಂಟಾರ್ಕ್ಟಿಕಾದಿಂದ ಸೊಲೊಮನ್ ದ್ವೀಪಗಳವರೆಗೆ ಓಟವೋ ಓಟ. ಭಯ ಹುಟ್ಟಿಸಿದರೆ ಯಾರಿಗೆ ಲಾಭ ಎಂಬ ಪ್ರಶ್ನೆಯೂ ಸರಿಯಾದದ್ದೇ. ನಮ್ಮ ಮಕ್ಕಳೂ ಅದನ್ನು ಕೇಳಲಿ.

ಆದರೆ ಲೇಖಕ ಆ ಪ್ರಶ್ನೆಯನ್ನು ಒಂದೇ ಕಡೆಯವರಿಗೆ ಕೇಳುತ್ತಾನೆ. ಕೆನ್ನರ್‌ಗೆ ಎದುರು ವಾದಿಸಬಲ್ಲ ಒಬ್ಬ ಜಾಣನೂ ಪುಸ್ತಕದಲ್ಲಿಲ್ಲ. ಪರಿಸರದ ಪರ ಮಾತಾಡುವ ಸಿನಿಮಾ ನಟನನ್ನಂತೂ ನರಭಕ್ಷಕರ ಬಾಯಿಗೇ ಹಾಕಿದ್ದಾನೆ! ಇದನ್ನು ಚರ್ಚೆ ಎನ್ನುತ್ತಾರೆಯೇ?

ಇನ್ನು ಆ ಅಂಕಿ ಅಂಶಗಳು. ವಿಜ್ಞಾನಿ ಜೇಮ್ಸ್ ಹಾನ್ಸೆನ್ 1988ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಮೂರು ಸಾಧ್ಯತೆಗಳನ್ನು ಇಟ್ಟಿದ್ದರು. ನಡುವಿನದೇ ಹೆಚ್ಚು ಸಂಭವನೀಯ ಎಂದು ಅವರೇ ಭಾವಿಸಿದ್ದರು. ಕಾದಂಬರಿ ಅವರ ಲೆಕ್ಕ ಶೇ. 300ರಷ್ಟು ತಪ್ಪು ಎನ್ನುತ್ತದೆ. ಹಾಗೆ ಹೇಳಲು ಸಾಧ್ಯವಾಗುವುದು ಅತಿ ಹೆಚ್ಚು ಬಿಸಿಯ ಸಾಧ್ಯತೆಯೊಂದನ್ನೇ ಹಿಡಿದುಕೊಂಡಾಗ. ಡಿ.ಡಿ.ಟಿ. ನಿಷೇಧವೇ ಕೋಟಿಗಟ್ಟಲೆ ಜನರನ್ನು ಕೊಂದಿತು ಎನ್ನುತ್ತಾನೆ ಕೆನ್ನರ್. 1972ರಲ್ಲಿ ಅಮೆರಿಕ ನಿಲ್ಲಿಸಿದ್ದು ತನ್ನ ನೆಲದ ಕೃಷಿ ಬಳಕೆಯನ್ನು. ಮಲೇರಿಯಾ ತಡೆಯಲು ಭಾರತ ಆಮೇಲೂ ದಶಕಗಳ ಕಾಲ ಅದನ್ನು ಸಿಂಪಡಿಸಿತು.

ಕತೆ ತಾನೇ, ಬಿಡಿ ಎನ್ನುವಿರಾ? 2005ರಲ್ಲಿ ಸೆನೆಟರ್ ಜೇಮ್ಸ್ ಇನ್‌ಹೋಫ್ ಈ ಕತೆಗಾರನನ್ನೇ ತಮ್ಮ ಸಮಿತಿಯ ಮುಂದೆ ಸಾಕ್ಷಿಗೆ ಕರೆಸಿದರು. 2006ರಲ್ಲಿ ಅಮೆರಿಕದ ಪೆಟ್ರೋಲಿಯಂ ಭೂವಿಜ್ಞಾನಿಗಳ ಸಂಘ ಪ್ರಶಸ್ತಿ ಕೊಟ್ಟಿತು. ಅದೂ ಪತ್ರಿಕೋದ್ಯಮ ಪ್ರಶಸ್ತಿ!

ನಮಗೆ ಈ ವಾದ ಹೊಸತಲ್ಲ. ಪಡ್ರೆಯ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಮಕ್ಕಳ ಸ್ಥಿತಿ ಕಣ್ಣೆದುರಿಗಿದ್ದರೂ ‘ವೈಜ್ಞಾನಿಕವಾಗಿ ರುಜುವಾಗಿಲ್ಲ’ ಎಂಬ ಮಾತನ್ನು ವರ್ಷಗಟ್ಟಲೆ ಕೇಳಿದೆವು. ದೇಶಕ್ಕೆಲ್ಲ ತಡೆ ಬಂದದ್ದು 2011ರಲ್ಲಿ, ಸುಪ್ರೀಂ ಕೋರ್ಟಿನಿಂದ. ಯಾವ ಕಾಯಿಲೆಗೆ ಅದು ಎಷ್ಟು ಕಾರಣ ಎಂಬ ಚರ್ಚೆ ನಡೆಯಲಿ, ಬೇಡವೆನ್ನುವುದಿಲ್ಲ. ಆದರೆ ಚರ್ಚೆ ಮುಗಿಯುವವರೆಗೆ ವಿಷ ಸುರಿಯುತ್ತಲೇ ಇರಬೇಕಿತ್ತೇ? ಕ್ರೈಟನ್‌ನ ಪುಸ್ತಕ ಈ ಪ್ರಶ್ನೆಯ ಹತ್ತಿರವೂ ಸುಳಿಯುವುದಿಲ್ಲ.

ಇಂಗ್ಲಿಷ್ ಪುಸ್ತಕ, ಅದರಲ್ಲಿ ಗ್ರಾಫು, ಕೆಳಗೆ ಅಡಿಟಿಪ್ಪಣಿ. ಮೂರೂ ಸೇರಿದರೆ ಕನ್ನಡ ಮಾಧ್ಯಮದ ನಾವು ಸ್ವಲ್ಪ ಬೇಗ ತಲೆಬಾಗುತ್ತೇವೆ. ಆ ಅಳುಕು ಬೇಡ. ಮಕ್ಕಳ ಕೈಗೆ ಪುಸ್ತಕ ಖಂಡಿತ ಕೊಡಿ. ಜೊತೆಗೆ ಒಂದೇ ಒಂದು ಅಡಿಟಿಪ್ಪಣಿಯ ಮೂಲವನ್ನು ಹುಡುಕಿ ಓದಲು ಹೇಳಿ. ಕಾದಂಬರಿಗಿಂತ ರೋಚಕವಾದ ಪಾಠ ಅಲ್ಲಿದೆ.